ಆರ್ಡರ್ ಬಂದು ಮಾಲು ಹೋಗುವವರೆಗಿನ ಮೂರು ವಾರ ಎಲ್ಲಿ ಕಳೆಯುತ್ತದೆ?

ಪ್ರಶ್ನೆ: ನಮ್ಮದು ಪುಣೆಯ ಭೋಸರಿ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿರುವ ಮಶೀನ್ ಶಾಪ್. ತಂದೆಯವರು ಬೀದರ್ ಜಿಲ್ಲೆಯಿಂದ ಬಂದು ಒಂದು ಹಳೆಯ ಲೇಥಿನಿಂದ ಶುರು ಮಾಡಿದರು. ಈಗ 38 ಜನ ಇದ್ದೇವೆ. ದೊಡ್ಡ ಕಂಪನಿಗಳಿಗೆ ಬುಶ್, ಶಾಫ್ಟ್, ಫ್ಲೇಂಜ್‌ನಂಥ ಯಂತ್ರದ ಬಿಡಿಭಾಗಗಳನ್ನು ಮಾಡಿಕೊಡುತ್ತೇವೆ. ಮೊದಲು ಆರ್ಡರ್ ಬಂದ ಎಂಟು–ಹತ್ತು ದಿನಕ್ಕೆ ಮಾಲು ಹೋಗುತ್ತಿತ್ತು, ಈಗ ಮೂರು ವಾರ ಹಿಡಿಯುತ್ತದೆ. ದಿನಕ್ಕೆ ಸರಾಸರಿ ನಾಲ್ಕು ಜಾಬ್ ಮುಗಿಯುತ್ತವೆ. ಕಳೆದ ವಾರ ಎಣಿಸಿದಾಗ 72 ಜಾಬ್ ಕಾರ್ಡ್‌ಗಳು (ಒಂದೊಂದು ಆರ್ಡರಿನ ಜೊತೆ ಸಾಗುವ ಚೀಟಿಗಳು) ತೆರೆದಿದ್ದವು, ಅಂದರೆ ಇನ್ನೂ ಮುಗಿದಿರಲಿಲ್ಲ. ಯಾರೂ ಖಾಲಿ ಕುಳಿತಿಲ್ಲ. ಸಾಫ್ಟ್‌ವೇರ್ ಮಾರುವವರೊಬ್ಬರು 'ಬಿ.ಪಿ.ಎಂ. ಹಾಕಿಸಿ, ಎಲ್ಲ ಸರಿಹೋಗುತ್ತದೆ' ಎನ್ನುತ್ತಾರೆ. ತಂದೆಯವರು 'ನೋಡಿಕೊಳ್ಳುವವನು ಸರಿಯಿದ್ದರೆ ಇದೆಲ್ಲ ಯಾಕೆ ಬೇಕು' ಎನ್ನುತ್ತಾರೆ. ಬಿ.ಪಿ.ಎಂ. ಎಂದರೆ ಏನು, ಅದರ ಜೀವನಚಕ್ರ ಎಂದರೆ ಏನು, ನಮ್ಮಂಥ ಸಣ್ಣ ಘಟಕಕ್ಕೆ ಅದರ ಅಗತ್ಯವಿದೆಯೇ ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ: ಉತ್ತರದ ಒಂದು ಭಾಗ ನಿಮ್ಮ ಪತ್ರದಲ್ಲಿಯೇ ಇದೆ. 'ಯಾರೂ ಖಾಲಿ ಕುಳಿತಿಲ್ಲ' ಎಂದು ನೀವು ಬರೆದಿದ್ದೀರಿ; ಅದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ನಿಮ್ಮಲ್ಲಿ ಜನ ಖಾಲಿ ಕುಳಿತಿಲ್ಲ, ಬಹುಶಃ ಮಶೀನುಗಳೂ ಖಾಲಿ ನಿಂತಿಲ್ಲ. ಖಾಲಿ ಕುಳಿತಿರುವುದು ನಿಮ್ಮ ಆರ್ಡರ್‌ಗಳು. ಯಾರದೋ ಮೇಜಿನ ಮೇಲೆ, ಯಾವುದೋ ಟ್ರೇಯಲ್ಲಿ, ಯಾರದೋ ಮೊಬೈಲಿನ ವಾಟ್ಸ್ಆ್ಯಪ್ ಸಂದೇಶದಲ್ಲಿ ಅವು ತಮ್ಮ ಸರದಿಗಾಗಿ ಕಾಯುತ್ತಿವೆ. ಶೆಡ್ಡಿನೊಳಗೆ ಕಾಲಿಟ್ಟ ಮಾಲೀಕನ ಕಣ್ಣು ಸಹಜವಾಗಿಯೇ ಮೊದಲು ಜನರ ಮೇಲೆ ಹೋಗುತ್ತದೆ: ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಚಹಾ ಕುಡಿಯುತ್ತಿದ್ದಾರೆ. ಆ ಕಣ್ಣನ್ನು ಜನರ ಮೇಲಿನಿಂದ ತೆಗೆದು ಕೆಲಸದ ಮೇಲೆ ಇಡುವುದನ್ನು ಕಲಿಸುವ ಶಿಸ್ತಿಗೆ ವ್ಯವಹಾರ ಪ್ರಕ್ರಿಯೆಗಳ ನಿರ್ವಹಣೆ, ಅಂದರೆ ಬಿ.ಪಿ.ಎಂ., ಎಂದು ಹೆಸರು. ಅದು ಹಾಕಿಸುವ ವಸ್ತುವಲ್ಲ. ಆದ್ದರಿಂದ ಈ ವರ್ಷ ನೀವು ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ತಂದೆಯವರ ಮಾತಿನಲ್ಲಿಯೂ ಹುರುಳಿದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಪ್ರಕ್ರಿಯೆ ಎಂಬ ಮಾತಿನ ಅರ್ಥವನ್ನು ಸರಿಪಡಿಸಿಕೊಳ್ಳೋಣ. ಟರ್ನಿಂಗ್ ಒಂದು ಕೆಲಸ, ಇನ್ಸ್‌ಪೆಕ್ಷನ್ ಒಂದು ಕೆಲಸ, ಬಿಲ್ ಮಾಡುವುದು ಒಂದು ಕೆಲಸ. ಗ್ರಾಹಕ ಕೇಳಿದ ಗಳಿಗೆಯಿಂದ ಅವನ ಕೈಗೆ ಮಾಲು ಸೇರಿ ನಿಮ್ಮ ಖಾತೆಗೆ ಹಣ ಬರುವವರೆಗೆ ಈ ಕೆಲಸಗಳು ಒಂದರ ಹಿಂದೆ ಒಂದು ಕೈಯಿಂದ ಕೈಗೆ ಸಾಗುತ್ತವಲ್ಲ, ಆ ಇಡೀ ಸಾಗಾಟ ಪ್ರಕ್ರಿಯೆ. ಪ್ರತಿಯೊಂದು ಕೆಲಸಕ್ಕೂ ನಿಮ್ಮಲ್ಲಿ ಒಬ್ಬ ಜವಾಬ್ದಾರ ವ್ಯಕ್ತಿ ಇದ್ದಾನೆ. ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವ ನಡುವಿನ ಜಾಗಕ್ಕೆ ಯಾರೂ ಇಲ್ಲ. ಕೆಲಸ ಕೂರುವುದು ಅಲ್ಲಿಯೇ. ಒಂದೇ ಶೆಡ್ಡಿನಲ್ಲಿ ಹತ್ತು ಜನ ಇದ್ದಾಗ ನಿಮ್ಮ ತಂದೆಯವರು ಆ ನಡುವಿನ ಜಾಗವನ್ನೆಲ್ಲ ತಾವೇ ತುಂಬಿಕೊಂಡಿದ್ದರು. ಬೆಳಿಗ್ಗೆ ಒಂದು ಸುತ್ತು ಹಾಕಿ 'ಆ ಶಾಫ್ಟ್ ಯಾಕೆ ಇಲ್ಲೇ ಇದೆ' ಎಂದು ಕೇಳಿದರೆ ಸಾಕಾಗುತ್ತಿತ್ತು. 38 ಜನ, 72 ಕಾರ್ಡ್ ಆದ ಮೇಲೆ ಒಬ್ಬ ಮನುಷ್ಯನ ನೆನಪು ಮತ್ತು ಕಾಲು ಅಷ್ಟನ್ನು ಹಿಡಿದಿಡಲಾರವು.

ಈ ವಿದ್ಯೆಯ ವಂಶಾವಳಿ ಉದ್ದವಾಗಿದೆ; ನಿಮ್ಮ ಪ್ರಶ್ನೆಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ತನ್ನ ವಿಚಾರಗಳನ್ನು ಪ್ರಕಟಿಸಿದಾಗ ಗಡಿಯಾರ ಹಿಡಿದು ಅಳೆದದ್ದು ಒಬ್ಬ ಕೆಲಸಗಾರನ ಒಂದೊಂದು ಕೆಲಸವನ್ನು. ವಾಲ್ಟರ್ ಶೂಹಾರ್ಟ್ 1924ರಲ್ಲಿ ನಿಯಂತ್ರಣ ನಕ್ಷೆಯನ್ನು (ಅಳತೆಗಳ ಏರಿಳಿತವನ್ನು ಚುಕ್ಕೆಗಳಾಗಿ ತೋರಿಸುವ ಚಿತ್ರವನ್ನು) ರೂಪಿಸಿ, ಏರಿಳಿತವಿಲ್ಲದ ಪ್ರಕ್ರಿಯೆ ಇಲ್ಲ, ಆದರೆ ಎಲ್ಲ ಏರಿಳಿತವೂ ಒಂದೇ ಬಗೆಯದಲ್ಲ ಎಂದು ತೋರಿಸಿದರು. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಇದೇ ವಿಚಾರವನ್ನು ಪಾಠ ಮಾಡಿದರು. ಕೆಲಸಗಾರನನ್ನು ಅಳೆಯುವುದರಿಂದ ಹರಿವನ್ನು ಅಳೆಯುವುದರ ಕಡೆಗೆ ದೃಷ್ಟಿ ತಿರುಗಿದ್ದು ಹೀಗೆ. ನೀವು ಗ್ರಾಹಕರ ಒತ್ತಾಯಕ್ಕೆ ಗುಣಮಟ್ಟದ ಐ.ಎಸ್.ಓ. 9001 ಪ್ರಮಾಣಪತ್ರ ಪಡೆದಿದ್ದರೆ, ಅದರ 2015ರ ಆವೃತ್ತಿ ನಿಂತಿರುವುದೂ ಇದೇ ಪ್ರಕ್ರಿಯಾದೃಷ್ಟಿಯ ಮೇಲೆ. ಎಷ್ಟೋ ಘಟಕಗಳಲ್ಲಿ ಅದು ಆಡಿಟ್‌ನ ದಿನ ಕಪಾಟಿನಿಂದ ಹೊರಬರುವ ಫೈಲಾಗಿ ಉಳಿದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಈಗ ಜೀವನಚಕ್ರಕ್ಕೆ ಬರೋಣ. ಯಾವ ಪ್ರಕ್ರಿಯೆಗೆ ಕೈ ಹಾಕಬೇಕೆಂದು ಗುರುತಿಸುವುದು, ಅದು ಈಗ ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಕಂಡುಕೊಳ್ಳುವುದು, ಎಲ್ಲಿ ಏಕೆ ತೊಡಕಾಗುತ್ತಿದೆ ಎಂದು ವಿಶ್ಲೇಷಿಸುವುದು, ಹೊಸದಾಗಿ ರೂಪಿಸುವುದು, ಜಾರಿಗೆ ತರುವುದು, ತಂದ ಮೇಲೆ ಅಳೆಯುತ್ತಾ ಕಣ್ಣಿಟ್ಟಿರುವುದು, ಮತ್ತೆ ಮೊದಲಿನಿಂದ: ಇದೇ ಆ ಚಕ್ರ. ಕೆಲವರು ಇದನ್ನು ಐದು ಹಂತವಾಗಿ ಹೇಳುತ್ತಾರೆ, ಕೆಲವರು ಆರಾಗಿ; ಎಣಿಕೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಮನಿಸಬೇಕಾದದ್ದು ಎರಡು ಸಂಗತಿ: ಸಾಫ್ಟ್‌ವೇರಿನ ಮಾತು ಬರುವುದು ಐದನೆಯ ಹಂತದಲ್ಲಿ, ಮತ್ತು ಚಕ್ರಕ್ಕೆ ಕೊನೆ ಎಂಬುದಿಲ್ಲ. ನಿಮ್ಮ ಬಳಿಗೆ ಬಂದವರು ಮೊದಲ ನಾಲ್ಕನ್ನು ಬಿಟ್ಟು ಐದನೆಯದನ್ನು ಮಾರಲು ಬಂದಿದ್ದಾರೆ.

ಗುರುತಿಸುವ ಹಂತ ನಿಮಗೆ ಹೆಚ್ಚು ಹೊತ್ತು ಬೇಡ. ನೂರಾರು ಪ್ರಕ್ರಿಯೆಗಳಿರುವ ಬ್ಯಾಂಕಿನಲ್ಲಿ ಇದಕ್ಕೆ ತಿಂಗಳುಗಳು ಹಿಡಿಯುತ್ತವೆ; ನಿಮ್ಮಲ್ಲಿ ಕೊಟೇಶನ್‌ನಿಂದ ಆರ್ಡರ್, ಆರ್ಡರ್‌ನಿಂದ ಡಿಸ್ಪ್ಯಾಚ್, ಡಿಸ್ಪ್ಯಾಚ್‌ನಿಂದ ಹಣ, ಖರೀದಿ, ಮಶೀನಿನ ದುರಸ್ತಿ ಎಂದು ಬೆರಳೆಣಿಕೆಯಷ್ಟು ಇವೆ. ನೋವು ಎರಡನೆಯದರಲ್ಲಿ ಇದೆ ಎಂದು ನೀವೇ ಹೇಳಿದ್ದೀರಿ. ಅದರಿಂದಲೇ ಆರಂಭಿಸಿ, ಅದೊಂದನ್ನೇ ಹಿಡಿಯಿರಿ.

ಇರುವುದನ್ನು ಇದ್ದಂತೆ ಕಂಡುಕೊಳ್ಳುವ ಎರಡನೆಯ ಹಂತಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. 'ನಿಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆ' ಎಂದು ಕೇಳಿದರೆ ಎಲ್ಲರೂ ಅದು ಹೇಗೆ ನಡೆಯಬೇಕೋ ಹಾಗೆ ಹೇಳುತ್ತಾರೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ; ಪ್ರತಿಯೊಬ್ಬನಿಗೂ ತನ್ನ ಪಾಲಿನ ತುಂಡು ಮಾತ್ರ ಗೊತ್ತು, ಉಳಿದದ್ದನ್ನು ಅವನು ಊಹಿಸಿಕೊಳ್ಳುತ್ತಾನೆ. ಆದ್ದರಿಂದ ಕೇಳುವುದಕ್ಕೆ ಮೊದಲು ನೋಡಬೇಕು, ನೋಡುವುದಕ್ಕೆ ಒಂದೇ ಒಂದು ಜಾಬ್ ಕಾರ್ಡನ್ನು ಆರಿಸಿಕೊಂಡು ಅದರ ಬೆನ್ನು ಹತ್ತಬೇಕು.

ಕೆಲವು ವರ್ಷಗಳ ಹಿಂದೆ ಪುಣೆ ಬಳಿಯ ಚಾಕಣದ ಒಂದು ಘಟಕದಲ್ಲಿ ನಾನು ಹಾಗೆ ಒಂದು ಕಾರ್ಡಿನ ಬೆನ್ನು ಹತ್ತಿದ್ದೆ. ಪ್ಲಾಸ್ಟಿಕ್ ಲಕೋಟೆಯೊಳಗಿನ ಹಳದಿ ಕಾರ್ಡು, ಅಂಚಿನ ತುಂಬ ಎಣ್ಣೆಯ ಬೆರಳಚ್ಚು, 200 ಬುಶ್‌ಗಳ ಜಾಬ್. ಆರ್ಡರ್ ಬಂದ ದಿನದಿಂದ ಮಾಲು ಟೆಂಪೊ ಹತ್ತಿದ ದಿನದವರೆಗೆ 13 ಕೆಲಸದ ದಿನಗಳಾದವು. ದಿನಕ್ಕೆ ಎಂಟರಂತೆ 104 ಗಂಟೆ. ಆ ಮಾಲನ್ನು ಮನುಷ್ಯನ ಕೈಯಾಗಲಿ ಮಶೀನಾಗಲಿ ಮುಟ್ಟಿದ ಸಮಯವನ್ನೆಲ್ಲ ಕೂಡಿಸಿದರೆ 9 ಗಂಟೆ ಬಂತು. ಉಳಿದ 95 ಗಂಟೆ ಅದು ಕಾದಿತ್ತು. ಡ್ರಾಯಿಂಗ್‌ನ ಹಳೆಯ ಆವೃತ್ತಿಯೇ ಸರಿಯೇ, ಹೊಸದು ಬಂದಿದೆಯೇ ಎಂದು ಗ್ರಾಹಕರಿಗೆ ವಾಟ್ಸ್ಆ್ಯಪ್ ಕಳಿಸಿ ಉತ್ತರಕ್ಕಾಗಿ ಮೂರು ದಿನ. ಕಚ್ಚಾ ಮಾಲಿನ ಖರೀದಿಗೆ ಮಾಲೀಕರ ಸಹಿಗಾಗಿ ಎರಡು ದಿನ. ಲೇಥಿನ ಸರದಿಗಾಗಿ ಒಂದೂವರೆ ದಿನ. ಪ್ಲೇಟಿಂಗ್‌ನವರ (ಮೇಲೆ ಲೋಹದ ಲೇಪ ಕೊಡುವವರ) ಟೆಂಪೊ ವಾರಕ್ಕೆರಡೇ ಸಲ ಬರುತ್ತಿದ್ದುದರಿಂದ ಮೂರೂವರೆ ದಿನ. ಬಿಲ್ಲಿನ ಹುಡುಗ ಮಧ್ಯಾಹ್ನದ ಮೇಲೆ ಮಾತ್ರ ಬರುತ್ತಿದ್ದ, ಹಾಗಾಗಿ ಅರ್ಧ ದಿನ.

ಇನ್ನುಳಿದ ಸುಮಾರು ಒಂದೂವರೆ ದಿನವನ್ನು ನಾನು ಮರೆಯಲಾರೆ. ಪ್ಲೇಟಿಂಗ್ ಮುಗಿದು ಬಂದ ಬುಶ್‌ಗಳು ಇನ್ಸ್‌ಪೆಕ್ಷನ್ ಮೇಜಿನ ಪಕ್ಕದ ನೀಲಿ ಕ್ರೇಟಿನಲ್ಲಿ ಇದ್ದವು. ಒಳವ್ಯಾಸ ನೋಡುವ ಪ್ಲಗ್ ಗೇಜ್ ಗೋಡೆಯ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗ ಇತ್ತು, ಬೀಗದ ಕೈ ಕ್ವಾಲಿಟಿ ನೋಡುವವರ ಜೇಬಿನಲ್ಲಿತ್ತು, ಮತ್ತು ಆ ಕ್ವಾಲಿಟಿಯವರು ಇನ್ನೊಂದು ಗ್ರಾಹಕರ ಕಾರ್ಖಾನೆಯಲ್ಲಿ ರಿಜೆಕ್ಷನ್ ಮಾಲನ್ನು ಬೇರ್ಪಡಿಸುತ್ತಾ ನಿಂತಿದ್ದರು. ಗೇಜ್ ದುಬಾರಿ ವಸ್ತು, ಹಿಂದೊಮ್ಮೆ ಕಳೆದುಹೋಗಿತ್ತು, ಅದಕ್ಕಾಗಿ ಬೀಗ. ಬೀಗ ಹಾಕಿದವರ ತಪ್ಪಿಲ್ಲ, ಕ್ವಾಲಿಟಿಯವರ ತಪ್ಪೂ ಇಲ್ಲ. ಇನ್ನೊಂದು ಕೀಲಿಕೈ ಮಾಡಿಸಿ, ಪಕ್ಕದಲ್ಲಿ ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ತೂಗುಹಾಕಿ, ಗೇಜ್ ತೆಗೆದವರು ಹೆಸರು ಬರೆಯಬೇಕೆಂದು ಮಾಡಿದ ಮೇಲೆ ಆ ಒಂದೂವರೆ ದಿನ ಮರಳಿ ಬರಲಿಲ್ಲ. ಇಂಥದ್ದು ಯಾವ ಮೀಟಿಂಗಿನಲ್ಲಿಯೂ ಹೊರಬೀಳುವುದಿಲ್ಲ, ಯಾವ ಸಾಫ್ಟ್‌ವೇರಿನ ಪರದೆಯ ಮೇಲೂ ಕಾಣುವುದಿಲ್ಲ. ಕ್ರೇಟಿನ ಪಕ್ಕದಲ್ಲಿ ನಿಂತವನಿಗೆ ಮಾತ್ರ ಕಾಣುತ್ತದೆ.

ಆ ಘಟಕದವರು ಆಗ ಕಂಪ್ಯೂಟರ್‌ನಿಂದ ನಡೆಯುವ ಹೊಸ ಸಿ.ಎನ್.ಸಿ. ಮಶೀನಿಗೆ ಬ್ಯಾಂಕ್ ಸಾಲ ಕೇಳಿದ್ದರು. ಹೊಸ ಮಶೀನು ಎಲ್ಲ ಕೆಲಸವನ್ನೂ ಅರ್ಧ ಸಮಯದಲ್ಲಿ ಮಾಡಿ ಮುಗಿಸಿತೆಂದೇ ಇಟ್ಟುಕೊಳ್ಳೋಣ. 9 ಗಂಟೆ ನಾಲ್ಕೂವರೆಗೆ ಇಳಿದೀತು, 104 ಗಂಟೆಯ ಪಯಣ ತೊಂಬತ್ತೊಂಬತ್ತೂವರೆ ಗಂಟೆಯದಾದೀತು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಕಂಡದ್ದನ್ನು ಚಿತ್ರವಾಗಿ ಬರೆಯುವುದು ಇದೇ ಹಂತದ ಕೆಲಸ. ಇದಕ್ಕಾಗಿ ಬಿ.ಪಿ.ಎಂ.ಎನ್. ಎಂಬ ಚಿಹ್ನೆಗಳ ಭಾಷೆ ಇದೆ. 2004ರಲ್ಲಿ ಮೊದಲು ಹೊರಬಂದು, ಅದರ 2.0 ಆವೃತ್ತಿ 2011ರಲ್ಲಿ ಪ್ರಕಟವಾಗಿ, 2013ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿಯೂ ಅಂಗೀಕಾರವಾಯಿತು. ಆರಂಭಕ್ಕೂ ಮುಕ್ತಾಯಕ್ಕೂ ವೃತ್ತ, ಕೆಲಸಕ್ಕೆ ಮೂಲೆ ದುಂಡಗಿನ ಚೌಕ, ಹೌದು–ಇಲ್ಲ ಎಂಬ ಕವಲಿಗೆ ವಜ್ರಾಕೃತಿ, ಪ್ರತಿಯೊಬ್ಬರ ಪಾಲಿಗೂ ಈಜುಕೊಳದ ಪಟ್ಟೆಯಂತೆ ಒಂದೊಂದು ಅಡ್ಡಪಟ್ಟಿ: ನಿಮಗೆ ಇಷ್ಟು ಸಾಕು. ಗೋಡೆಗೆ ಕಂದು ಕಾಗದ ಅಂಟಿಸಿ ಪೆನ್ಸಿಲಿನಲ್ಲಿ ಬರೆಯಿರಿ. ಬಾಣದ ಗುರುತು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟುವ ಕಡೆಯಲ್ಲೆಲ್ಲ ಕೆಂಪು ಶಾಯಿಯಿಂದ ಕಾಯ್ದ ಸಮಯವನ್ನು ಬರೆಯಿರಿ. ಚಿತ್ರ ಚೆಂದವಾಗಿರಬೇಕಾಗಿಲ್ಲ, ಲೇಥಿನ ಹಿರಿಯ ಆಪರೇಟರ್ ಬಂದು ನೋಡಿ 'ಇಲ್ಲಿ ಹೀಗಲ್ಲ, ಚಲನ್ ಬರುವ ಮೊದಲೇ ನಾವು ಮಾಲು ಎತ್ತುತ್ತೇವೆ' ಎಂದು ತಿದ್ದುವಷ್ಟು ಅರ್ಥವಾಗುವಂತಿರಬೇಕು.

ವಿಶ್ಲೇಷಣೆಯ ಹಂತಕ್ಕೆ ನಿಮ್ಮದೇ ಅಂಕಿಗಳನ್ನು ತೆಗೆದುಕೊಳ್ಳುತ್ತೇನೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಕೆಲಸಗಳಿವೆಯೋ ಅದು, ದಿನಕ್ಕೆ ಬಂದು ಹೋಗುವ ಕೆಲಸಗಳ ಸಂಖ್ಯೆಯನ್ನು ಒಂದೊಂದು ಕೆಲಸ ಒಳಗೆ ಕಳೆಯುವ ಸರಾಸರಿ ದಿನಗಳಿಂದ ಗುಣಿಸಿದ್ದಕ್ಕೆ ಸಮ. ನಿಮ್ಮಲ್ಲಿ 72 ಕಾರ್ಡ್ ತೆರೆದಿವೆ, ದಿನಕ್ಕೆ 4 ಮುಗಿಯುತ್ತವೆ. 72ನ್ನು 4ರಿಂದ ಭಾಗಿಸಿದರೆ 18. ಗುರುವಾರ ನಿಮ್ಮ ಕಡೆ ವಾರದ ರಜೆ. ವಾರಕ್ಕೆ ಆರು ಕೆಲಸದ ದಿನಗಳಂತೆ 18 ದಿನವೆಂದರೆ ಸರಿಯಾಗಿ ಮೂರು ವಾರ. ನೀವು ಅನುಭವಿಸುತ್ತಿರುವ ತಡದ ಹಿಂದೆ ಯಾವ ಗುಟ್ಟೂ ಇಲ್ಲ. ಅದು ಭಾಗಾಕಾರದ ಫಲ. 9 ದಿನಕ್ಕೆ ಇಳಿಯಬೇಕಾದರೆ ಒಂದೋ ದಿನಕ್ಕೆ 8 ಜಾಬ್ ಮುಗಿಸುವಷ್ಟು ಮಶೀನು ಮತ್ತು ಜನರನ್ನು ತರಬೇಕು, ಇಲ್ಲವೇ ತೆರೆದ ಕಾರ್ಡ್‌ಗಳನ್ನು 36ಕ್ಕೆ ಇಳಿಸಬೇಕು. ಎರಡನೆಯದಕ್ಕೆ ಬಂಡವಾಳ ಬೇಡ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆರ್ಡರನ್ನು ಶೆಡ್ಡಿಗೆ ಬಿಡದೆ ಆಫೀಸಿನ ಡ್ರಾಯರಿನಲ್ಲಿ ಇಟ್ಟುಕೊಂಡು 'ನಮ್ಮಲ್ಲಿ 36 ಮಾತ್ರ ತೆರೆದಿವೆ' ಎಂದು ಹೇಳಿದರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳಾಗುತ್ತದೆ. ಗ್ರಾಹಕನ ಪಾಲಿಗೆ ಡ್ರಾಯರೂ ಶೆಡ್ಡೂ ಒಂದೇ. ರಾಶಿ ನಿಜವಾಗಿ ಕರಗಬೇಕಾದರೆ, ದಿನಕ್ಕೆ ನಾಲ್ಕು ಒಳಗೆ ಬರುತ್ತಿರುವಾಗ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಹೊರಗೆ ಹೋಗುತ್ತಿರಬೇಕು. ದಿನಕ್ಕೆ 4.6ರಂತೆ ಮುಗಿಸಿದರೂ ಹೆಚ್ಚುವರಿ 36 ಕಾರ್ಡ್ ಕರಗಲು 60 ಕೆಲಸದ ದಿನ, ಅಂದರೆ ಹತ್ತು ವಾರ ಬೇಕು. ಆ 0.6 ಎಲ್ಲಿಂದ ಬರಬೇಕು? ನನ್ನ ಅನುಭವದಲ್ಲಿ ಅದು ಸಾಮಾನ್ಯವಾಗಿ ರಿವರ್ಕನ್ನು, ಅಂದರೆ ಕೆಟ್ಟ ಕೆಲಸವನ್ನು ಮತ್ತೆ ಮಾಡುವುದನ್ನು, ತಗ್ಗಿಸುವುದರಿಂದ ಬರುತ್ತದೆ. ಹಳೆಯ ಡ್ರಾಯಿಂಗ್‌ನಲ್ಲಿ ಮಾಡಿದ 50 ಪೀಸ್, ಮೊದಲ ಪೀಸನ್ನು ಯಾರೂ ನೋಡದೆ ಓಡಿಸಿದ ಒಂದು ಶಿಫ್ಟ್, 'ಅರ್ಜೆಂಟ್' ಎಂದು ನಡುವೆ ನುಗ್ಗಿಸಿದ ಜಾಬ್‌ಗಾಗಿ ಬಿಚ್ಚಿ ಮತ್ತೆ ಕಟ್ಟಿದ ಸೆಟ್ಟಿಂಗ್: ಇವುಗಳಲ್ಲಿ ನಿಮ್ಮ ಅತ್ಯಂತ ಒತ್ತಡದ ಮಶೀನಿನ ಗಂಟೆಗಳು ಸೋರಿಹೋಗುತ್ತಿರುತ್ತವೆ. ಯಾವ ಮಶೀನಿನ ಮುಂದೆ ಕ್ರೇಟುಗಳು ಯಾವಾಗಲೂ ಸಾಲು ನಿಂತಿವೆಯೋ ಅದೇ ನಿಮ್ಮ ಇಕ್ಕಟ್ಟಿನ ಜಾಗ. ಅಲ್ಲಿ ಉಳಿಸಿದ ಒಂದು ಗಂಟೆ ಇಡೀ ಘಟಕಕ್ಕೆ ದಕ್ಕುತ್ತದೆ. ಬೇರೆ ಕಡೆ ಉಳಿಸಿದ ಗಂಟೆ ಇನ್ನೊಂದು ಸಾಲನ್ನು ಉದ್ದ ಮಾಡುತ್ತದೆ.

ಮರುರೂಪಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ಈ ಹೆಜ್ಜೆಯನ್ನು ಬೇಗ ಮಾಡುವುದು ಹೇಗೆ' ಎಂಬುದಲ್ಲ, 'ಈ ಹೆಜ್ಜೆ ಬೇಕೇ' ಎಂಬುದು. ಇದನ್ನು ಜಗತ್ತಿಗೆ ಮನದಟ್ಟು ಮಾಡಿದವರು ನಿರ್ವಹಣಾ ಚಿಂತಕ ಮೈಕೆಲ್ ಹ್ಯಾಮರ್. ಅವರು 1990ರ ಲೇಖನವೊಂದರಲ್ಲಿ ಕೊಟ್ಟ ಫೋರ್ಡ್ ಕಂಪನಿಯ ಉದಾಹರಣೆ ಇಂದಿಗೂ ಹಳೆಯದಾಗಿಲ್ಲ. ಉತ್ತರ ಅಮೆರಿಕದ ಫೋರ್ಡ್‌ನಲ್ಲಿ ಪೂರೈಕೆದಾರರಿಗೆ ಹಣ ಪಾವತಿ ಮಾಡುವ ವಿಭಾಗವೊಂದರಲ್ಲೇ 500ಕ್ಕೂ ಹೆಚ್ಚು ಜನರಿದ್ದರು. ಕಂಪ್ಯೂಟರ್ ತಂದು ಶೇಕಡಾ 20ರಷ್ಟು ಜನರನ್ನು ಕಡಿಮೆ ಮಾಡುವ ಯೋಜನೆ ಸಿದ್ಧವಾಗಿತ್ತು. ಅಷ್ಟರಲ್ಲಿ ಜಪಾನಿನ ಮಜ್ದಾ ಕಂಪನಿಯಲ್ಲಿ ಇದೇ ಕೆಲಸವನ್ನು ಐದು ಜನ ಮಾಡುತ್ತಿದ್ದಾರೆ ಎಂಬುದು ಅವರಿಗೆ ತಿಳಿಯಿತು. ಮಜ್ದಾ ಫೋರ್ಡ್‌ಗಿಂತ ಸಣ್ಣ ಕಂಪನಿ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಅಗಾಧವಾಗಿತ್ತು. ಹುಡುಕಿದಾಗ, ಆ ಜನರ ಬಹುಪಾಲು ಸಮಯ ಖರೀದಿ ಆದೇಶ, ಮಾಲು ಬಂದ ದಾಖಲೆ ಮತ್ತು ಪೂರೈಕೆದಾರರ ಬಿಲ್ ಈ ಮೂರು ಒಂದಕ್ಕೊಂದು ಹೊಂದದೆ ಇದ್ದಾಗ ಅದನ್ನು ಬಿಡಿಸುವುದರಲ್ಲಿ ಹೋಗುತ್ತಿತ್ತು ಎಂದು ಗೊತ್ತಾಯಿತು. ಅವರು ಬಿಲ್ಲನ್ನೇ ತೆಗೆದುಹಾಕಿದರು. ಮಾಲು ಬಂದಾಗ ಆದೇಶದ ಜೊತೆ ತಾಳೆಯಾದರೆ ಹಣ ಹೋಗುವಂತೆ ಮಾಡಿದರು. ಜನಬಲ ಶೇಕಡಾ 75ರಷ್ಟು ಇಳಿಯಿತು.

ನಮ್ಮ ದೇಶದಲ್ಲಿ ಜಿ.ಎಸ್.ಟಿ. ಕಾನೂನು ತೆರಿಗೆ ಬಿಲ್ಲನ್ನು ಕಡ್ಡಾಯ ಮಾಡಿರುವುದರಿಂದ ಆ ಹೆಜ್ಜೆಯನ್ನು ಹಾಗೇ ನಕಲು ಮಾಡಲು ಬರುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ತೆಗೆದುಕೊಳ್ಳಬೇಕಾದದ್ದು ಅವರು ಕೇಳಿದ ಪ್ರಶ್ನೆಯನ್ನು. ನಿಮ್ಮಲ್ಲಿ ಐದು ಸಾವಿರ ರೂಪಾಯಿಯ ಕಚ್ಚಾ ಮಾಲಿಗೂ ತಂದೆಯವರ ಸಹಿ ಬೇಕೇ, ಅಥವಾ ಒಂದು ಮಿತಿಯವರೆಗೆ ಸ್ಟೋರಿನವರೇ ತರಿಸಬಹುದೇ? ಡ್ರಾಯಿಂಗ್ ಆವೃತ್ತಿಯ ಪ್ರಶ್ನೆಯನ್ನು ಆರ್ಡರ್ ಬಂದ ಮೇಲೆ ಕೇಳುವ ಬದಲು ಕೊಟೇಶನ್ನಿನ ಕಾಗದದಲ್ಲಿಯೇ ಬರೆದು ಒಪ್ಪಿಗೆ ಪಡೆಯಬಹುದಲ್ಲವೇ? ಪ್ಲೇಟಿಂಗ್‌ಗೆ ಪಕ್ಕದ ಶೆಡ್ಡಿನವರ ಮಾಲೂ ಅದೇ ಊರಿಗೆ ಹೋಗುತ್ತಿದ್ದರೆ ಟೆಂಪೊವನ್ನು ಹಂಚಿಕೊಂಡು ದಿನವೂ ಕಳಿಸಬಹುದಲ್ಲವೇ? ಮೊದಲ ಪೀಸನ್ನು ಆಪರೇಟರ್ ತಾನೇ ಅಳೆದು ಕಾರ್ಡಿನ ಮೇಲೆ ಬರೆದರೆ, ಕೊನೆಯ ತಪಾಸಣೆಯ ಭಾರ ಎಷ್ಟು ಇಳಿಯುತ್ತದೆ? ಪ್ರತಿಯೊಂದು ಬದಲಾವಣೆಗೂ ಬೆಲೆ ಇದೆ ಎಂಬುದನ್ನು ಮರೆಯಬಾರದು. ಸಮಯ, ಖರ್ಚು, ಗುಣಮಟ್ಟ, ಬೇಡಿಕೆಗೆ ತಕ್ಕಂತೆ ಬಾಗುವ ಗುಣ, ಈ ನಾಲ್ಕರಲ್ಲಿ ಒಂದನ್ನು ಎಳೆದರೆ ಇನ್ನೊಂದು ಸಡಿಲಾಗುತ್ತದೆ. ದಿನವೂ ಟೆಂಪೊ ಕಳಿಸಿದರೆ ಬಾಡಿಗೆ ಏರುತ್ತದೆ. ಆ ಬಾಡಿಗೆ ಮೂರು ದಿನದ ಉಳಿತಾಯಕ್ಕೆ ಸಮವೇ ಎಂಬ ನಿರ್ಧಾರ ನಿಮ್ಮದು.

ಜಾರಿಗೆ ತರುವಾಗ ತೊಡಕು ಬರುವುದು ತಂತ್ರದಿಂದಲ್ಲ, ಮನಸ್ಸಿನಿಂದ. ಕಾರ್ಡಿನ ಮೇಲೆ ಸಮಯ ಬರೆಯಿರಿ ಎಂದ ಕೂಡಲೇ 'ನಮ್ಮನ್ನು ಅಳೆಯುತ್ತಿದ್ದಾರೆ' ಎಂಬ ಸಂಶಯ ಹುಟ್ಟುತ್ತದೆ, ಮತ್ತು ಆ ಸಂಶಯಕ್ಕೆ ಇತಿಹಾಸವೂ ಕಾರಣವಾಗಿದೆ. 1990ರ ದಶಕದಲ್ಲಿ ಪ್ರಕ್ರಿಯೆಯ ಮರುರಚನೆ ಎಂಬ ಹೆಸರಿನಲ್ಲಿ ಎಷ್ಟೋ ಕಡೆ ಜನರನ್ನು ಮನೆಗೆ ಕಳಿಸಲಾಯಿತು. ಆದ್ದರಿಂದ ಮೊದಲ ದಿನವೇ ನೀವು ಎಲ್ಲರೆದುರು ಹೇಳಬೇಕು: ಅಳೆಯುತ್ತಿರುವುದು ಕಾರ್ಡನ್ನು, ಮನುಷ್ಯನನ್ನಲ್ಲ, ಮತ್ತು ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ. ಹೇಳಿದ ಮೇಲೆ ಅದನ್ನು ಪಾಲಿಸಬೇಕು. ನಿಮ್ಮ ಶೆಡ್ಡಿನಲ್ಲಿ ಮರಾಠಿ, ಹಿಂದಿ, ಕನ್ನಡ ಮೂರೂ ಓಡಾಡುತ್ತಿರಬಹುದು. ಗೋಡೆಯ ಮೇಲಿನ ಸೂಚನೆ ಅವರು ಓದುವ ಭಾಷೆಯಲ್ಲಿರಲಿ. ಇಂಗ್ಲಿಷಿನಲ್ಲಿ ಚೆನ್ನಾಗಿ ಅಚ್ಚು ಹಾಕಿಸಿದ ಫಲಕಗಳ ಕೆಳಗೆ ಜನ ಹಳೆಯ ಪದ್ಧತಿಯಲ್ಲಿಯೇ ಕೆಲಸ ಮುಂದುವರಿಸುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ.

ತಂದೆಯವರ ಮಾತಿಗೆ ಈಗ ಬರುತ್ತೇನೆ. 'ನೋಡಿಕೊಳ್ಳುವವನು ಸರಿಯಿರಬೇಕು' ಎಂಬುದನ್ನು ಈ ಶಾಸ್ತ್ರ ಪೂರ್ತಿಯಾಗಿ ಒಪ್ಪುತ್ತದೆ; ಅಂಥವರಿಗೆ ಪ್ರಕ್ರಿಯೆಯ ಒಡೆಯ ಎಂದೇ ಹೆಸರು. ಆರ್ಡರ್ ಒಳಗೆ ಬಂದ ಗಳಿಗೆಯಿಂದ ಹೊರಗೆ ಹೋಗುವವರೆಗೆ ಎಲ್ಲ ವಿಭಾಗಗಳ ಗಡಿ ದಾಟಿ 'ಇದು ಯಾಕೆ ನಿಂತಿದೆ' ಎಂದು ಕೇಳುವ ಅಧಿಕಾರವುಳ್ಳ ಒಬ್ಬರು ಇರಲೇಬೇಕು. ಆ ಒಬ್ಬರ ಬಳಿ ಕಣ್ಣಿಗೆ ಕಾಣುವ ನಕ್ಷೆ, ದಿನದಿನದ ಅಂಕಿ ಇದ್ದರೆ, ಅವರು ಊರಿಗೆ ಹೋದಾಗಲೂ ಕೆಲಸ ನಡೆಯುತ್ತದೆ. ನಿಮಗೆ ಬೇಕಾಗಿರುವುದು ಅಷ್ಟೇ. ಇನ್ನೊಂದು ವಿನಂತಿ. ಯಾವ ಗ್ರಾಹಕ ಯಾವ ತಪ್ಪನ್ನು ಸಹಿಸುವುದಿಲ್ಲ, ಯಾವ ಲೋಹ ಯಾವ ಮಶೀನಿನಲ್ಲಿ ಹೇಗೆ ಕಂಪಿಸುತ್ತದೆ ಎಂಬ ತಂದೆಯವರ ಅರಿವು ಎಲ್ಲಿಯೂ ಬರೆದಿಲ್ಲ. ಕಂದು ಕಾಗದವನ್ನು ಗೋಡೆಗೆ ಅಂಟಿಸಿದ ದಿನ ಅವರನ್ನೇ ಮೊದಲು ಕರೆದು ಕುರ್ಚಿ ಹಾಕಿ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.

ಸಾಫ್ಟ್‌ವೇರ್ ಯಾವಾಗ ಬೇಕು ಎಂದು ನೀವು ಕೇಳಬಹುದು. ಹೊಸ ಪದ್ಧತಿ ಕಾಗದದ ಮೇಲೆ ಆರು ತಿಂಗಳು ಸ್ಥಿರವಾಗಿ ನಡೆದು, ನಿಯಮಗಳು ಎಲ್ಲರಿಗೂ ಒಂದೇ ಆಗಿ, ಕಾರ್ಡ್‌ಗಳ ಸಂಖ್ಯೆ ಕೈಯಲ್ಲಿ ಹಿಡಿಯಲಾರದಷ್ಟಾದಾಗ. ಅಲ್ಲಿಯವರೆಗೆ ನಿಮ್ಮ ಲೆಕ್ಕದ ಟ್ಯಾಲಿ, ಒಂದು ಎಕ್ಸೆಲ್ ಹಾಳೆ, ಬಾಗಿಲ ಬಳಿ ಒಂದು ಬಿಳಿ ಹಲಗೆ ಸಾಕು.

ಕೊನೆಯ ಹಂತವಾದ ಕಣ್ಣಿಡುವಿಕೆಗೆ ಅಂಕಿಗಳು ಕಡಿಮೆ ಇರಲಿ, ಆದರೆ ಬಿಡದೆ ಬರೆಯಿರಿ. ಇಂದು ತೆರೆದಿರುವ ಕಾರ್ಡ್ ಎಷ್ಟು, ಇಂದು ಹೋದ ಪ್ರತಿಯೊಂದು ಜಾಬ್ ಎಷ್ಟು ದಿನ ತೆಗೆದುಕೊಂಡಿತು, ಅದರಲ್ಲಿ ಹೇಳಿದ ದಿನಾಂಕಕ್ಕೆ ಹೋದದ್ದು ಎಷ್ಟು. ದಿನಗಳನ್ನು ಚುಕ್ಕೆಗಳಾಗಿ ಹಲಗೆಯ ಮೇಲೆ ಇಡುತ್ತಾ ಹೋದರೆ ಶೂಹಾರ್ಟ್ ಹೇಳಿದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ: ಚುಕ್ಕೆಗಳು ಒಂದು ಪಟ್ಟಿಯೊಳಗೆ ಮೇಲೆ ಕೆಳಗೆ ಆಡುತ್ತಿರುತ್ತವೆ, ಅಪರೂಪಕ್ಕೆ ಒಂದು ಹೊರಗೆ ಹಾರುತ್ತದೆ. ಹೊರಗೆ ಹಾರಿದ್ದಕ್ಕೆ ಪ್ರತ್ಯೇಕ ಕಾರಣ ಹುಡುಕಿ. ಪಟ್ಟಿಯೊಳಗಿನ ಆಟಕ್ಕೆ ಯಾರನ್ನೂ ಬೈಯಬೇಡಿ. ಪಟ್ಟಿಯೇ ಅಗಲವಾಗಿದ್ದರೆ ಬದಲಾಯಿಸಬೇಕಾದದ್ದು ಪದ್ಧತಿಯನ್ನು.

ಇದರ ಜೊತೆಗೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿ: ಮಾಲು ಮುಟ್ಟಿದ ದಿನದಿಂದ ಹಣ ಬಂದ ದಿನದವರೆಗಿನ ದಿನಗಳು. ಪ್ರಕ್ರಿಯೆ ಟೆಂಪೊ ಹತ್ತಿಸಿದಾಗ ಮುಗಿಯುವುದಿಲ್ಲ. ನೀವು ಸರ್ಕಾರದ ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ, ಸಣ್ಣ ಉದ್ಯಮಗಳಿಗಾಗಿರುವ 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ ಪ್ರಕಾರ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಪಾವತಿಸಬೇಕು; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಆ ಅವಧಿ ಮೀರಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರರು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದೆಂಬ ಆದಾಯ ತೆರಿಗೆಯ ನಿಯಮವೂ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದಿನಗಳ ಎಣಿಕೆ ಆರಂಭವಾಗುವುದು ಮಾಲು ಸ್ವೀಕೃತವಾದ ದಿನದಿಂದ. ಮಾಲು ಮುಟ್ಟಿದ 15 ದಿನಗಳೊಳಗೆ ಅವರು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಮುಟ್ಟಿದ ದಿನವೇ ಸ್ವೀಕೃತಿಯ ದಿನ. ಅಂದಮೇಲೆ ಚಲನ್‌ನ ಮೇಲೆ ದಿನಾಂಕದ ಸಹಿತ ಗೇಟಿನ ಮುದ್ರೆ ಹಾಕಿಸಿಕೊಂಡು ಬರುವುದು ಟೆಂಪೊ ಚಾಲಕನ ಕೆಲಸದಲ್ಲಿ ಬರೆದಿರಬೇಕು. ಬಿಲ್ಲಿನ ಮೇಲೆ ಗ್ರಾಹಕರ ಪಿ.ಓ. (ಖರೀದಿ ಆದೇಶ) ಸಂಖ್ಯೆಯನ್ನು ತಪ್ಪಾಗಿ ಬರೆದು ಅದು ಮೂರು ವಾರದ ನಂತರ ವಾಪಸು ಬಂದ ಪ್ರಸಂಗ ನಿಮ್ಮಲ್ಲಿಯೂ ನಡೆದಿರಬಹುದು. ಇದು ಮೊದಲ ಚಕ್ರ ಮುಗಿದ ಮೇಲೆ ನೀವು ಕೈ ಹಾಕಬೇಕಾದ ಎರಡನೆಯ ಪ್ರಕ್ರಿಯೆ.

ಆರಂಭಕ್ಕೆ ಗುರುವಾರದ ರಜೆ ಮುಗಿದ ಶುಕ್ರವಾರ ಬೆಳಿಗ್ಗೆ ಒಳ್ಳೆಯ ಹೊತ್ತು. ಅಂದು ಮೊದಲು ಬಂದ ಆರ್ಡರ್‌ಗೆ, ಅದು ದೊಡ್ಡದಿರಲಿ ಚಿಕ್ಕದಿರಲಿ, ಆರಿಸದೆ ಹುಡುಕದೆ ಒಂದು ಬಿಳಿ ಹಾಳೆಯನ್ನು ಪಿನ್ ಮಾಡಿ. ಆ ಕಾಗದ ಯಾರ ಕೈಗೆ ಬಂದರೂ ಬಂದ ಸಮಯ ಮತ್ತು ಬಿಟ್ಟ ಸಮಯ ಎರಡನ್ನು ಬರೆಯಬೇಕೆಂದು ಹೇಳಿ, ದಿನಕ್ಕೆರಡು ಸಲ ನೀವೇ ಹೋಗಿ ಅದು ಎಲ್ಲಿದೆ ಎಂದು ನೋಡಿ, ಫೋನಿನಲ್ಲಿ ವಿಚಾರಿಸಬೇಡಿ. ಮಾಲು ಹೋದ ಸಂಜೆ ಆ ಹಾಳೆಯನ್ನು ತಂದೆಯವರ ಮುಂದೆ ಇಟ್ಟು, ಕಾಯ್ದ ಗಂಟೆಗಳನ್ನು ಇಬ್ಬರೂ ಕೂಡಿ ಲೆಕ್ಕ ಹಾಕಿ.